ಗಣಪತಿಯ ಕೆಳಗಿನ ಸಾಲು

ಮಾಸ್ತರರು ನಮ್ಮಲ್ಲಿ ಕೇಳಿದ್ದು ಒಂದೇ. ಪರದೆ ಬೆಳ್ಳಗಾಗಬಾರದು.

“ಬೇರೆ ಎಂತ ಬೇಕಾದ್ರೂ ಆಗ್ಲಿ ತಂಗಿ. ನಿಧಾನ ಆಗ್ಲಿ, ಅಕ್ಷರ ಸಣ್ಣ ಆಗ್ಲಿ. ಈ ಬೆಳ್ಳಗಾಗೂದೊಂದು ತಪ್ಸು. ಅದು ಬೆಳ್ಳಗಾದ ಕೂಡ್ಲೆ ಹೊರಗೆ ಹೆಂಗಸ್ರೆಲ್ಲ ಕೂಗ್ತ್ರು. ನಂಗೆ ವಾಯರ್‌ಲೆಸ್ಸಲ್ಲಿ ಎಂತದೂ ಕೇಳೂದಿಲ್ಲ. ಬೆಳ್ಳಗಾಗೂದು ತಪ್ಸು.”

ಮಾಸ್ತರರು ಅಂದರೆ ಶಾಲೆಯ ಮಾಸ್ತರರಲ್ಲ. ಹೊನ್ನಾವರದ ಬಂದರಿನಲ್ಲಿ ಬೋಟಿನ ಮಾಲಕರ ಸಂಘಕ್ಕೆ ಒಂದು ಸಣ್ಣ ಆಫೀಸಿತ್ತು. ಅಲ್ಲಿ ವಾಯರ್‌ಲೆಸ್ ಎದುರು ಕೂತು ಸಮುದ್ರದ ಮೇಲಿರುವ ಬೋಟುಗಳ ಜೊತೆ ಮಾತಾಡುವವರು ಅವರು. ಗಾಳಿಯ ಸದ್ದಿನಲ್ಲಿ ಆಚೆಯವರಿಗೆ ಕೇಳಲಿ ಎಂದು ಎಲ್ಲವನ್ನೂ ಎರಡೆರಡು ಸಲ ಹೇಳಿ ಹೇಳಿ, ಮನೆಯಲ್ಲಿ ಸಾರು ಬಡಿಸಿ ಅನ್ನುವಾಗಲೂ ಎರಡು ಸಲ ಹೇಳುವ ಅಭ್ಯಾಸವಾಗಿತ್ತಂತೆ. ಪಾಠ ಹೇಳಿದ ಹಾಗೆ ಇದೆ ಎಂದು ಬಂದರಿನವರು ಮಾಸ್ತರರೆಂದು ಹೆಸರಿಟ್ಟಿದ್ದರು.

ನಾನು ಮತ್ತು ನನ್ನ ಪಾಲುದಾರ ಕುಮಟಾದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆಯಂಗಡಿಯೊಂದರ ಮಹಡಿಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡಿದ್ದೆವು. ಹಿಂದಿನ ವರ್ಷ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯ ಬೋಟಿನ ಸಂಘಗಳಿಗಾಗಿ ಒಂದು ವೆಬ್ ಪುಟ ಮಾಡಿಕೊಟ್ಟಿದ್ದೆವು. ಹೊನ್ನಾವರದಿಂದ ಹೊರಟ ಬೋಟು ಹೊನ್ನಾವರಕ್ಕೇ ವಾಪಸು ಬರಬೇಕೆಂದೇನೂ ಇಲ್ಲ. ಗಾಳಿ ತಿರುಗಿದರೆ, ಇಲ್ಲವೇ ಅಲ್ಲಿ ಮೀನಿನ ದರ ಚೆನ್ನಾಗಿದ್ದರೆ ಭಟ್ಕಳದಲ್ಲಿ ಹಗ್ಗ ಕಟ್ಟುತ್ತದೆ, ಅಥವಾ ಕುಮಟಾದ ಕಡೆ ತದಡಿಯಲ್ಲಿ. ಮನೆಯವರು ಮಾತ್ರ ಹೊನ್ನಾವರದ ಆಫೀಸಿನ ಕಿಟಕಿಯ ಎದುರು ಕಾಯುತ್ತಿರುತ್ತಾರೆ. ಮೂರು ಆಫೀಸಿನವರೂ ತಮ್ಮಲ್ಲಿಗೆ ಬಂದ ಬೋಟುಗಳನ್ನು, ತಮ್ಮ ವಾಯರ್‌ಲೆಸ್ಸಿನಲ್ಲಿ ಮಾತಿಗೆ ಸಿಕ್ಕ ಬೋಟುಗಳನ್ನು ಒಂದೇ ಪುಟದಲ್ಲಿ ತುಂಬಿದರೆ ಎಲ್ಲ ಕಡೆಯವರಿಗೂ ಗೊತ್ತಾಗುತ್ತದೆ ಎಂಬುದು ಲೆಕ್ಕಾಚಾರ. ಹೊನ್ನಾವರದಲ್ಲಿ ಮಾಸ್ತರರು ಮಾನಿಟರನ್ನು ಕಿಟಕಿಗೆ ತಾಗಿಸಿ ಹೊರಮುಖವಾಗಿ ಇಟ್ಟಿದ್ದರು. ಹೊರಗಿನವರು ಸರಳಿನ ನಡುವಿನಿಂದ ನೋಡಬಹುದಿತ್ತು.

ಪುಟದಲ್ಲಿ ಬೋಟುಗಳ ಹೆಸರು ಒಂದರ ಕೆಳಗೊಂದು. ಮೊದಲ ಸಾಲು ಯಾವತ್ತೂ ಇಡಗುಂಜಿ ಗಣಪತಿಯ ಹೆಸರಿನ ಬೋಟಿನದು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಕಾಲದಿಂದಲೂ ಗಣಪತಿಯನ್ನು ಬರೆಯದೆ ಇನ್ನೊಂದು ಹೆಸರು ಬರೆದವರಿಲ್ಲ. ಉಳಿದವು ಸಂಘಕ್ಕೆ ಸೇರಿದ ಕ್ರಮದಲ್ಲಿ. ನಮಗೆ ಅದು ತಲೆಬುಡ ಇಲ್ಲದ ಅನುಕ್ರಮ ಅನ್ನಿಸಿದ್ದರೂ ಹಲಗೆಯಲ್ಲಿ ಇದ್ದ ಹಾಗೇ ಇಳಿಸಿದ್ದೆವು.

ತೊಂದರೆ ಇದ್ದದ್ದು ಪುಟ ಹೊಸದಾಗುವ ರೀತಿಯಲ್ಲಿ. ಕೆಲವು ನಿಮಿಷಕ್ಕೊಮ್ಮೆ ಅದು ತಾನಾಗಿ ಇಡಿಯಾಗಿ ಮತ್ತೆ ಬರುತ್ತಿತ್ತು. ಹೊನ್ನಾವರದ ಆಫೀಸಿನಲ್ಲಿ ಇಂಟರ್‌ನೆಟ್ಟು ಟೆಲಿಫೋನ್ ತಂತಿಯ ಮೇಲೆ ಕುಂಟುತ್ತಾ ಬರುವಂಥದ್ದು. ಹಳೆಯದು ಅಳಿಸಿ ಹೊಸದು ಬರುವವರೆಗೆ ಪರದೆ ಪೂರಾ ಬಿಳಿ. ಗಂಡನ, ಮಗನ, ಅಣ್ಣನ ಬೋಟಿನ ಹೆಸರು ನೋಡುತ್ತಾ ನಿಂತವರ ಕಣ್ಣೆದುರು ಅಷ್ಟೂ ಹೆಸರು ಒಂದೇ ಸಲಕ್ಕೆ ಮಾಯವಾದರೆ ಯಾರು ತಾನೆ ಸುಮ್ಮನಿರುತ್ತಾರೆ?

“ಅಜಾಕ್ಸ್ ಹೇಳಿ ಒಂದು ಇದ್ದು,” ಅಂದ ಪಾಲುದಾರ. “ಹೊಸ್ದು. ಪುಟ ಹಂಗೇ ಇರ್ತು, ಎಷ್ಟು ಬೇಕೋ ಅಷ್ಟೇ ಬದಲಾಗ್ತು. ಮಾಡ್ವ.”

ಅವನು ಕತಗಾಲದ ಕಡೆಯವನು. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಕೆಲಸದಲ್ಲಿ ನನಗಿಂತ ಗಟ್ಟಿ, ತಾಳ್ಮೆಯಲ್ಲಂತೂ ನನ್ನ ಹತ್ತು ಪಾಲು. ಅವನದೊಂದೇ ಕೊರತೆ, ಮೀನಿನ ವಾಸನೆ ಆಗುತ್ತಿರಲಿಲ್ಲ. ಬೋಟುಗಳ ಪುಟ ಅಷ್ಟೂ ಬರೆದವನು ಬಂದರಿಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಅಲ್ಲಿಗೆ ಹೋಗುವ ಕೆಲಸವೆಲ್ಲ ನನ್ನದು. ಸಂಜೆ ವಾಪಸಾದರೆ ಕುರ್ಚಿಯನ್ನು ಮೆಲ್ಲಗೆ ಕಿಟಕಿಯ ಕಡೆ ಎಳೆದುಕೊಳ್ಳುತ್ತಿದ್ದ. ನಾನು ಬೇಕಂತಲೇ ಹತ್ತಿರ ಹೋಗಿ ಕೂರುತ್ತಿದ್ದೆ.

ಮಳೆಗಾಲದಲ್ಲಿ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆ ರಜೆಯೇ ನಮ್ಮ ಅವಧಿ. ಅಜಾಕ್ಸ್ ಎಂಬ ಹೆಸರು ಆಗಿನ್ನೂ ಹೊಸತು. ಅದನ್ನು ಸುಲಭ ಮಾಡುವ ಒಂದು ಲೈಬ್ರರಿ, ಅಂದರೆ ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಜಾವಾಸ್ಕ್ರಿಪ್ಟಿನ ಕಟ್ಟು, ಪುಕ್ಕಟೆ ಸಿಕ್ಕಿತು. ನಮ್ಮ ಪುಟವಿದ್ದದ್ದು ಪಿಎಚ್‌ಪಿ ಫ್ರೇಮ್‌ವರ್ಕ್ ಒಂದರ ಮೇಲೆ. ಫ್ರೇಮ್‌ವರ್ಕ್ ಅಂದರೆ ಗೋಡೆ, ಮಾಡು ಎದ್ದಿರುವ ಮನೆ. ಒಳಗಿನದನ್ನು ನಾವು ಜೋಡಿಸಿಕೊಳ್ಳಬೇಕು. ಆ ಮನೆ ಕಟ್ಟಿದವರು ಅಜಾಕ್ಸ್ ಬರುವ ಮುಂಚೆಯೇ ಕಟ್ಟಿ ಮುಗಿಸಿದ್ದರು. ಹೊಸ ಅತಿಥಿಗೆ ಒಳಬರಲು ಬಾಗಿಲೇ ಇರಲಿಲ್ಲ.

ಮೊದಲ ಪ್ರಯೋಗ ಮಾಡಿದ ದಿನ ನಾನು ನಕ್ಕದ್ದು ಈಗಲೂ ನೆನಪಿದೆ. ಒಂದು ಬೋಟಿನ ಎದುರಿನ ಸಣ್ಣ ಚೌಕದಲ್ಲಿ ‘ದಡಕ್ಕೆ ಬಂತು’ ಎಂಬಷ್ಟೇ ಮಾತು ಮೂಡಬೇಕಿತ್ತು. ಮೂಡಿದ್ದು ಇಡೀ ಪುಟ. ಸಂಘದ ಹೆಸರು, ಮೀನಿನ ಚಿತ್ರ, ಬೋಟುಗಳ ಪಟ್ಟಿ, ತಳದಲ್ಲಿ ನಮ್ಮ ಅಂಗಡಿಯ ವಿಳಾಸ, ಎಲ್ಲವೂ ಆ ಚೌಕದೊಳಗೆ. ಸ್ವಲ್ಪ ಹೊತ್ತಿಗೆ ಆ ಒಳಪುಟದ ಚೌಕದೊಳಗೆ ಮತ್ತೊಂದು ಪುಟ.

“ಎಷ್ಟು ಮನೆ ಕಟ್ಟಿದ್ಯೋ ಮಾರಾಯ?” ಅಂದೆ.

“ನೆಗ್ಯಾಡಡ. ಫ್ರೇಮ್‌ವರ್ಕಿನ ಅಭ್ಯಾಸ ಅದು,” ಅಂದ. ಅವನು ಹೇಳಿದ್ದು ಸರಿಯಿತ್ತು. ಏನೇ ಕೇಳಿದರೂ ತಲೆಬರಹ, ಅಡಿಬರಹ ಸುತ್ತಿ ಕೊಡುವುದು ಆ ಫ್ರೇಮ್‌ವರ್ಕಿನ ಸ್ವಭಾವ. ಆದರೆ ಲೈಬ್ರರಿ ಪ್ರತಿ ಸಲ ಕೇಳುವಾಗಲೂ ‘ನಾನು ತುಂಡು ಮಾತ್ರ ಕೇಳುತ್ತಿದ್ದೇನೆ’ ಎಂಬ ಒಂದು ಗುರುತನ್ನು ಜೊತೆಗೆ ಕಳಿಸುತ್ತದೆ. ಆ ಗುರುತು ಕಂಡರೆ ಸುತ್ತಬೇಡ ಎಂದು ಫ್ರೇಮ್‌ವರ್ಕಿಗೆ ಹೇಳಿಕೊಡಬೇಕು. ಫ್ರೇಮ್‌ವರ್ಕಿನ ಒಡಲಿಗೇ ಕೈಹಾಕಿ ಎರಡು ಸಾಲು ತಿದ್ದಿದರೆ ಮುಗಿಯಿತು ಎಂದು ನಾನು. ಬೇರೆಯವರು ಬರೆದದ್ದನ್ನು ಮುಟ್ಟಬಾರದು, ಅದರ ಮೇಲೆ ನಮ್ಮದೊಂದು ಪದರ ಬರೆಯೋಣ ಎಂದು ಅವನು. ನಾಳೆ ಅವರು ಹೊಸ ಆವೃತ್ತಿ ಬಿಟ್ಟರೆ ನಮ್ಮ ತಿದ್ದುಪಡಿ ಕೊಚ್ಚಿಕೊಂಡು ಹೋಗುತ್ತದೆ ಎಂಬುದು ಅವನ ವಾದ. ಎರಡು ದಿನ ಮಾತು ಬಿಟ್ಟೆವು. ಕೊನೆಗೆ ಅವನ ಪ್ರಕಾರವೇ ಆಯಿತು. ಅದೇ ಒಳ್ಳೆಯದಾಯಿತು ಎಂದು ಅವನೆದುರು ಮಾತ್ರ ನಾನು ಯಾವತ್ತೂ ಒಪ್ಪಿಕೊಳ್ಳಲಿಲ್ಲ.

ಸುತ್ತುವುದನ್ನು ಬಿಡಿಸಿದ ಮೇಲೆ ಕನ್ನಡ ಕೆಟ್ಟಿತು. ಪೂರ್ತಿ ಪುಟ ಬಂದಾಗ ಸರಿಯಾಗಿರುವ ಅಕ್ಷರ, ತುಂಡಾಗಿ ಬಂದಾಗ ಟೋಪಿ ಹಾಕಿದ, ಬಾಲ ಇರುವ ಯಾವುದೋ ಪರದೇಶದ ಅಕ್ಷರಗಳ ಸಂತೆ. ಗಣಪತಿಯನ್ನೂ ಗುರುತು ಹಿಡಿಯುವಂತಿರಲಿಲ್ಲ. ಇದು ಇಂಥ ಲಿಪಿಯ ಸಂಕೇತ ಎಂದು ಬ್ರೌಸರಿಗೆ ಹೇಳುವ ಸಾಲು ಆ ಸುತ್ತಿನೊಳಗೇ ಇತ್ತು, ಸುತ್ತು ತೆಗೆದಾಗ ಅದೂ ಹೋಗಿತ್ತು. ಅದನ್ನು ಬೇರೆಯಾಗಿ ಬರೆದೆವು. ಬರೆದರೆ ಇನ್ನೊಂದು ರಗಳೆ: ಆ ಸಾಲು ಹೊರಡುವ ಮೊದಲೇ ಬೇರೇನೋ ಹೊರಟುಬಿಟ್ಟಿದೆ ಎಂದು ಕಂಪ್ಯೂಟರಿನ ದೂರು. ಏನು ಹೊರಟಿದೆ? ಹುಡುಕಿ ಹುಡುಕಿ ಕಣ್ಣು ಉರಿ ಬಂತು. ಸೆಟ್ಟಿಂಗ್ಸ್ ಬರೆದಿಟ್ಟ ಒಂದು ಕಡತದ ಕೊನೆಯಲ್ಲಿ ಒಂದು ಖಾಲಿ ಸಾಲಿತ್ತು, ಮೊದಲೇ ಹೊರಟುಬಿಡುತ್ತಿದ್ದದ್ದು ಅದೇ. ಏನೂ ಇಲ್ಲದ ಒಂದು ಸಾಲು ನಮ್ಮ ಒಂದು ವಾರ ತಿಂದುಹಾಕಿತು.

ಕುಮಟಾದಲ್ಲಿ ಎಲ್ಲ ಸರಿಯಾಯಿತು ಎಂದು ಖುಷಿಯಲ್ಲಿ ಹೊನ್ನಾವರಕ್ಕೆ ಹೋದೆ. ಅಲ್ಲಿ ಪರದೆ ಬೆಳ್ಳಗಾಗಲಿಲ್ಲ, ಆದರೆ ಬದಲಾಗಲೂ ಇಲ್ಲ. ಪರೀಕ್ಷೆಗೆಂದು ಕುಮಟಾದಿಂದ ಪಾಲುದಾರ ಬೋಟುಗಳನ್ನು ದಡಕ್ಕೆ ತರುತ್ತಲೇ ಇದ್ದ, ಹೊನ್ನಾವರದಲ್ಲಿ ಅವು ಸಮುದ್ರದಲ್ಲೇ ಇದ್ದವು. ಆ ಕಾಲದಲ್ಲಿ ಎಲ್ಲ ಆಫೀಸಿನಲ್ಲೂ ಇದ್ದ ಬ್ರೌಸರಿನ ಸೋಮಾರಿತನ ಅದು. ಇದೇ ಪ್ರಶ್ನೆಯನ್ನು ಆಗಲೇ ಕೇಳಿದ್ದೀಯಲ್ಲ ಎಂದು ಹಳೆಯ ಉತ್ತರವನ್ನೇ ಜೇಬಿನಿಂದ ತೆಗೆದು ಕೊಡುವುದು. ಪ್ರತಿ ಸಲದ ಪ್ರಶ್ನೆಯ ಬಾಲಕ್ಕೆ ಆ ಕ್ಷಣದ ಗಂಟೆಯನ್ನು ಅಂಟಿಸಿದೆವು. ಆಗ ಅದಕ್ಕೆ ಪ್ರತಿ ಪ್ರಶ್ನೆಯೂ ಹೊಸದಾಗಿ ಕಂಡಿತು, ಬೋಟುಗಳು ಬಂದವು.

ಒಣಮೀನಿನ ಅಮ್ಮನನ್ನು ನಾನು ಮೊದಲು ಕಂಡದ್ದು ಆ ಭೇಟಿಯಲ್ಲೇ. ಬಂದರಿನ ಪಕ್ಕದ ಜಾಗದಲ್ಲಿ ಮೀನು ಒಣಗಿಸಿ ಮಾರುತ್ತಿದ್ದವರು. ಮಳೆ ಬಿಟ್ಟಿದ್ದ ಮಧ್ಯಾಹ್ನ ಕಿಟಕಿಯ ಹತ್ತಿರ ಬಂದು, ಸರಳಿನ ನಡುವೆ ಕೈ ತೂರಿಸಿ, ಮಾನಿಟರಿನ ಗಾಜಿನ ಮೇಲೆ ಬೆರಳಿಟ್ಟರು. ಗಾಜು ಚಟ್ ಅಂದಿತು.

“ಕಚ್ತದಲ್ಲೆ ಇದು,” ಎಂದು ನಕ್ಕರು. ಬೆರಳು ಮಾತ್ರ ತೆಗೆಯಲಿಲ್ಲ.

“ಓದೂಕೆ ಬರ್ತದಾ ಅಮ್ಮ?” ಅಂದೆ.

“ಓದೂದು ಎಂತಕ್ಕೆ? ಗಣಪತಿ ಮೇಲೆ ಇರ್ತ. ಅವನ ಬುಡಕ್ಕೆ ನಮ್ಮದು.”

ಮೊದಲ ಸಾಲು ಗಣಪತಿ, ಅದರ ಕೆಳಗಿನ ಸಾಲು ಅವರ ಮಗ ತಾಂಡೇಲನಾಗಿದ್ದ ಬೋಟು. ತಾಂಡೇಲ ಅಂದರೆ ಬೋಟು ನಡೆಸುವವನು. ಬಂದರಿನಲ್ಲಿ ಅಷ್ಟೆಲ್ಲ ಹೆಸರಿನ ನಡುವೆ ಅವರಿಗೆ ಬೇಕಾದದ್ದು ಒಂದೇ, ಅದರ ಜಾಗ ಅವರಿಗೆ ಗೊತ್ತಿತ್ತು. ಅವರು ಹೋದ ಮೇಲೆ ಮಾಸ್ತರರು ದನಿ ತಗ್ಗಿಸಿ ಹೇಳಿದರು. “ಇವ್ರ ಗಂಡ ಸಮುದ್ರಕ್ಕೆ ಹೋದವ್ರು ಬರ್ಲಿಲ್ಲ. ಆಗ ವಾಯರ್‌ಲೆಸ್ಸೂ ಇಲ್ಲ, ಎಂತದೂ ಇಲ್ಲ. ಯಾರೂ ಬಂದು ಹೇಳೂಕಿಲ್ಲ, ಇವ್ರು ದಡದಲ್ಲಿ ಕೂತದ್ದೇ ಕೂತದ್ದು. ಹೋದವ ಹೋದ ಹೇಳಿ ಗೊತ್ತಾಗೂಕೂ ದಿನ ಹಿಡೀತು. ದಿನ ಹಿಡೀತು.”

ಅದನ್ನು ಕೇಳಿಸಿಕೊಂಡು ಕುಮಟಾಕ್ಕೆ ಬಂದೆ. ಬಂದವಳಿಗೆ ಪಾಲುದಾರ ಹೊಸದೊಂದು ತೋರಿಸುವ ಹುರುಪಿನಲ್ಲಿದ್ದ. ಲೈಬ್ರರಿಯ ಜೊತೆ ಬಣ್ಣ, ಚಲನೆ ಮಾಡುವ ಇನ್ನೊಂದು ಕಡತ ಇತ್ತು. ಅದನ್ನೂ ಫ್ರೇಮ್‌ವರ್ಕಿಗೆ ಹೊಂದಿಸಿದ್ದ. ಸಮುದ್ರದಲ್ಲಿ ಇರುವ ಬೋಟುಗಳು ಮಾತ್ರ ಪಟ್ಟಿಯಲ್ಲಿ. ಹೊಸ ಸುದ್ದಿ ಬಂದ ಬೋಟು ತಾನಾಗಿ ಮೇಲೇರುತ್ತದೆ. ದಡಕ್ಕೆ ಬಂದ ಬೋಟಿನ ಸಾಲು ಮೆಲ್ಲಗೆ ಮಸುಕಾಗುತ್ತಾ ಕರಗಿಹೋಗುತ್ತದೆ, ಅದರ ಕೆಳಗಿನವು ಜಾರಿ ಬಂದು ಜಾಗ ತುಂಬುತ್ತವೆ. ನಮ್ಮ ಊರಿನಲ್ಲಿ ಯಾರೂ ಪರದೆಯ ಮೇಲೆ ಅಂಥದ್ದನ್ನು ಕಂಡಿರಲಿಲ್ಲ. ನನಗೇ ಇನ್ನೊಂದು ಸಲ, ಇನ್ನೊಂದು ಸಲ ಎಂದು ನೋಡುವ ಆಸೆಯಾಯಿತು. ಗಣಪತಿಯನ್ನು ಮೇಲಿನಿಂದ ಇಳಿಸುವುದು ಬೇಡ ಎಂದೆ. ಅದೊಂದನ್ನು ಅಲ್ಲೇ ಕಟ್ಟಿ ಹಾಕಿದ. ಉಳಿದದ್ದು ಹಾಗೇ ಇರಲಿ ಎಂದಾಯಿತು. ಆ ಅಮ್ಮನ ಬೆರಳು ನನ್ನ ನೆನಪಿನಲ್ಲಿತ್ತು, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಹೊಳೆಯಲಿಲ್ಲ. ಸಂಘದ ಅಧ್ಯಕ್ಷರು ಮಹಡಿ ಹತ್ತಿ ಬಂದು ನೋಡಿ, “ಹೋಯ್, ಎಂತ ಚಂದ ಮಾರ್ರೆ!” ಎಂದು ಎರಡು ಬೋಟು ತಾವೇ ಕರಗಿಸಿ ನೋಡಿದರು.

ಹಂಗಾಮು ಶುರುವಾಯಿತು. ಬೋಟುಗಳು ಹೋದವು. ಹೊಸ ಪುಟ ಚಾಲೂ ಮಾಡಿದ ದಿನ ನಾನು ಹೊನ್ನಾವರದಲ್ಲಿದ್ದೆ. ಬೆಳಗ್ಗಿನಿಂದ ಮಾಸ್ತರರ ಮುಖದಲ್ಲಿ ನಗೆ. ಪರದೆ ಒಂದು ಸಲವೂ ಬೆಳ್ಳಗಾಗಲಿಲ್ಲ. ಕಿಟಕಿಯ ಹೊರಗೆ ಹೆಂಗಸರು ಸುಮ್ಮನೆ ನೋಡುತ್ತಾ ನಿಂತಿದ್ದರು.

ಮಧ್ಯಾಹ್ನ ಒಣಮೀನಿನ ಅಮ್ಮ ಬಂದರು. ಎಂದಿನಂತೆ ಕೈ ತೂರಿಸಿ ಗಣಪತಿಯ ಕೆಳಗೆ ಬೆರಳಿಟ್ಟರು. ಬೆಳಗ್ಗೆಯಿಂದ ಯಾವ ಬೋಟಿನ ಹೊಸ ಸುದ್ದಿಯೂ ಬಂದಿರಲಿಲ್ಲ, ಅವರ ಮಗನ ಸಾಲು ಇನ್ನೂ ಅಲ್ಲೇ ಇತ್ತು. ಗಾಜು ಚಟ್ ಅಂದಿತು, ನಕ್ಕರು. ಅಷ್ಟರಲ್ಲಿ ಭಟ್ಕಳದ ಆಫೀಸಿನವರು ಆ ಬೋಟು ದಡಕ್ಕೆ ಬಂತೆಂದು ತುಂಬಿದ್ದಾರೆ. ಪಾಲುದಾರನ ಕೈಚಳಕ ತನ್ನ ಕೆಲಸ ಮಾಡಿತು. ಅವರ ಬೆರಳ ಕೆಳಗಿದ್ದ ಹೆಸರು ಮಸುಕಾಯಿತು. ಇನ್ನೂ ಮಸುಕಾಯಿತು. ಇಲ್ಲವಾಯಿತು. ಕೆಳಗಿನ ಹೆಸರು ಜಾರಿ ಬಂದು ಅಲ್ಲಿ ನಿಂತಿತು.

ಅಮ್ಮ ಕೂಗಲಿಲ್ಲ. ಬೆರಳನ್ನು ಗಾಜಿನ ಮೇಲೆ ಇನ್ನಷ್ಟು ಒತ್ತಿದರು. ಹಾಗೇ ಕಿಟಕಿಯ ಬುಡಕ್ಕೆ ಕುಸಿದು ಕೂತರು. ಕೈ ಮಾತ್ರ ಸರಳಿನಲ್ಲಿ ಸಿಕ್ಕಿಕೊಂಡಿತ್ತು.

ನಾನು ಹೊರಗೆ ಓಡಿದೆ. “ಅಮ್ಮ, ಬಂತು, ಬೋಟು ಬಂತು, ಭಟ್ಕಳಕ್ಕೆ ಬಂತು,” ಎಂದು ಹೇಳಿದ್ದೇ ಹೇಳಿದ್ದು. ಅವರಿಗೆ ಕೇಳುತ್ತಲೇ ಇರಲಿಲ್ಲ. ಬೇರೆ ಹೆಂಗಸರಿಗೂ ನಂಬಿಕೆ ಬರಲಿಲ್ಲ. ಅವರೂ ಕಂಡಿದ್ದರಲ್ಲ, ಒಂದು ಬೋಟು ನಿಧಾನಕ್ಕೆ ಮುಳುಗಿದ್ದನ್ನು? ಮಾಸ್ತರರು ಭಟ್ಕಳಕ್ಕೆ ಫೋನ್ ಹಚ್ಚಿದರು. ಮಗ ಮೀನು ಇಳಿಸುತ್ತಿದ್ದನಂತೆ, ಅವನನ್ನು ಕರೆತರುವುದಕ್ಕೆ ಹೊತ್ತು ಹಿಡಿಯಿತು. ಆ ಹೊತ್ತು ಪೂರಾ ನಾನು ಅಮ್ಮನ ಇನ್ನೊಂದು ಕೈ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಅಂಗೈ ಉಪ್ಪಿನಿಂದ ಒರಟಾಗಿತ್ತು, ತಣ್ಣಗಿತ್ತು. ಮಾಸ್ತರರು ಫೋನಿನ ತಂತಿ ಎಳೆದು ರಿಸೀವರನ್ನು ಕಿಟಕಿಯಿಂದ ಕೊಟ್ಟರು.

“ಎಂತಾತೆ ಅಬ್ಬೆ? ನಾ ಇಲ್ಲೇ ಇದ್ನಲೆ,” ಎಂಬ ಗಂಡುದನಿ ನನಗೂ ಕೇಳಿಸಿತು.

“ಎಲ್ಲಿದ್ದೆ ಮಗಾ? ನನ್ನ ಕೈಬುಡದಲ್ಲೇ ಅಳಿಸ್ಹೋತಲ ನಿನ್ನ ಹೆಸ್ರು,” ಅಂದರು ಅಮ್ಮ. ಆಮೇಲೆ ಅತ್ತರು. ಅಳು ಮುಗಿದ ಮೇಲೆ ಊಟ ಮಾಡಿದ್ಯಾ ಎಂದು ಕೇಳಿದರು.

ಕುಮಟಾಕ್ಕೆ ಹಿಂದಿರುಗುವ ಬಸ್ಸಿನಲ್ಲಿ ನನಗೆ ಸಿಟ್ಟು, ದುಃಖ ಎರಡೂ ಬಂದಿದ್ದವು. ಸಿಟ್ಟು ಬಂದರೆ ಯಾರ ಮೇಲಾದರೂ ಹಾಕಬೇಕು, ನನ್ನ ಸ್ವಭಾವವೇ ಹಾಗೆ. ಪಾಲುದಾರ ಮನೆಗೆ ಹೊರಡುವವನಿದ್ದ. ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ: ಕರಗಿಸುವುದು, ಜಾರಿಸುವುದು, ಮೇಲೇರಿಸುವುದು ಎಲ್ಲ ತೆಗೆ. ಬೋಟು ಸಮುದ್ರದಲ್ಲಿರಲಿ, ದಡದಲ್ಲಿರಲಿ, ಹೆಸರು ತನ್ನ ಜಾಗ ಬಿಟ್ಟು ಕದಲಬಾರದು.

“ಹಂಗಾದ್ರೆ ಇಷ್ಟು ದಿನ ಆನು ಮಾಡಿದ್ದು ಎಂತಕ್ಕೆ?” ಅಂದ. ಅವನ ಮುಖ ಸಣ್ಣದಾಗಿತ್ತು. “ಕರಗಿದ್ರೆ ಬೋಟು ಬಂತು ಹೇಳಿ ಅರ್ಥ. ಒಂದು ವಾರ ಹೇಳಿಕೊಟ್ರೆ ಎಲ್ಲರಿಗೂ ಗೊತ್ತಾಗ್ತು. ಅಧ್ಯಕ್ಷರಿಗೂ ಅದೇ ಬೇಕು.”

ಅವನು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಜನ ಏನನ್ನಾದರೂ ಕಲಿಯುತ್ತಾರೆ. ಅವನ ಜೊತೆ ಇನ್ನೂ ಜಗಳಾಡಬಹುದಿತ್ತು. ಯಾಕೋ ಮನಸ್ಸಾಗಲಿಲ್ಲ. “ನಾಳೆ ನನ್ನ ಜೊತೆ ಹೊನ್ನಾವರಕ್ಕೆ ಬಾ. ನೋಡಿ ಆಮೇಲೆ ನೀನೇ ಹೇಳು. ನೀನು ತೆಗೆಯುವುದು ಬೇಡ ಅಂದರೆ ನಾನು ಒತ್ತಾಯ ಮಾಡುವುದಿಲ್ಲ,” ಅಂದೆ.

ಬಂದ. ಬಸ್ಸಿಳಿದವನು ಕರವಸ್ತ್ರ ಮೂಗಿಗೆ ಹಿಡಿದೇ ಬಂದರಿನವರೆಗೆ ನಡೆದ. ಮಾಸ್ತರರು ಯಾರೋ ಹುಷಾರಿಲ್ಲದವರು ಬಂದರೆಂದು ಕುರ್ಚಿ ಕೊಟ್ಟರು. ಒಣಮೀನಿನ ಅಮ್ಮ ಕಿಟಕಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮಗ ಭಟ್ಕಳದಲ್ಲೇ ಮೀನು ಮಾರಿ ಅಲ್ಲಿಂದಲೇ ಮತ್ತೆ ಸಮುದ್ರಕ್ಕೆ ಹೊರಟಿದ್ದ. ಸಾಲು ಮತ್ತೆ ಪಟ್ಟಿಗೆ ಬಂದಿತ್ತು, ಆದರೆ ಎಲ್ಲೋ ನಡುವೆ. ಗಣಪತಿಯ ಕೆಳಗೆ ಬೇರೆ ಯಾರೋ ಇದ್ದರು. ಅಮ್ಮ ಎದ್ದು ಬಂದು ಗಾಜಿನ ಮೇಲೆ ಬೆರಳಾಡಿಸಿದರು. ಮೇಲೆ, ಕೆಳಗೆ, ಮತ್ತೆ ಮೇಲೆ. ಇಡುವುದಕ್ಕೆ ಜಾಗ ಸಿಗದೆ ಬೆರಳು ವಾಪಸು ತೆಗೆದುಕೊಂಡರು.

“ಎಲ್ಲಿಟ್ರಿ ಅವನ್ನ?” ಎಂದು ಒಳಗೆ ಕೂತಿದ್ದ ಪಾಲುದಾರನನ್ನೇ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಾಮಾನು ಎಲ್ಲಿಟ್ಟಿರಿ ಎಂದು ಕೇಳಿದ ಹಾಗೆ ಕೇಳಿದರು.

ಪಾಲುದಾರ ಕರವಸ್ತ್ರವನ್ನು ಜೇಬಿಗೆ ತುರುಕಿ ಎದ್ದು ಹೊರಗೆ ಹೋದ. ಸರಳಿನ ನಡುವೆ ತಾನೂ ಕೈ ತೂರಿಸಿ, ಅಮ್ಮನ ಬೆರಳು ಹಿಡಿದು ಮಗನ ಹೆಸರಿನ ಮೇಲೆ ಇಟ್ಟ. “ಇಲ್ಲಿದ್ದು ನೋಡಿ ಅಮ್ಮ. ನಾಳಿಂದ ಮೊದ್ಲಿನ ಜಾಗದಲ್ಲೇ ಇರ್ತು,” ಅಂದ. ಕುಮಟಾದಲ್ಲಿ ಬಸ್ಸಿಳಿದವನೇ ಮಹಡಿ ಹತ್ತಿ ಕಂಪ್ಯೂಟರ್ ಎದುರು ಕೂತು, ಆ ಚಂದದ ಕಡತವನ್ನು ತಾನೇ ಅಳಿಸಿದ. ಅಧ್ಯಕ್ಷರಿಗೆ ಫೋನ್ ಮಾಡಿ ಸಮಾಧಾನ ಹೇಳಿದವನೂ ಅವನೇ.

ಆಮೇಲಿನ ಕೆಲಸ ಹೆಚ್ಚಿರಲಿಲ್ಲ. ಲೈಬ್ರರಿಯಲ್ಲಿ ನಮಗೆ ನಿಜಕ್ಕೂ ಬೇಕಿದ್ದದ್ದು ಒಂದು ಸಣ್ಣ ಭಾಗ: ಹೋಗಿ ಕೇಳಿಕೊಂಡು ಬಂದು, ಒಂದು ಸಾಲಿನ ಬಣ್ಣ ಬದಲಿಸುವುದು. ಎಲ್ಲ ಬೋಟೂ ಹಲಗೆಯ ಕಾಲದ ಜಾಗದಲ್ಲೇ. ಸಮುದ್ರದಲ್ಲಿದ್ದರೆ ನೀಲಿ, ದಡಕ್ಕೆ ಬಂದರೆ ಅರಿಶಿನ. ಬಹಳ ಹೊತ್ತು ಸುದ್ದಿ ಇಲ್ಲದ ಬೋಟಿಗೆ ಕೆಂಪು ಹಾಕೋಣವೇ ಎಂದು ನಾವು ಕೇಳಿದಾಗ ಮಾಸ್ತರರು ಎರಡು ಕೈಯನ್ನೂ ಅಲ್ಲಾಡಿಸಿದರು. “ಕೆಂಪು ಬ್ಯಾಡ, ಕೆಂಪು ಬ್ಯಾಡ. ಒಂದು ಬೋಟಿನವ ಮಾತಾಡಿ ನಾವೆಲ್ಲ ಇಲ್ಲೇ ಇದ್ದೇವೆ ಹೇಳ್ತ. ಉಳ್ದವ್ರು ಬಾಯಿ ತೆಗೆಯೂದಿಲ್ಲ. ಸುಮ್ಮನಿದ್ದವ್ರೆಲ್ಲ ಮುಳುಗಿದವ್ರಾ?” ಫೋನಿನ ತಂತಿ ಕಡಿದರೆ ಏನು ಮಾಡುವುದು ಎಂಬುದು ಉಳಿದಿತ್ತು. ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಇದ್ದ ಪುಟ ಇದ್ದ ಹಾಗೇ ನಿಲ್ಲಬೇಕು, ಕೆಳಗೆ ಮಾತ್ರ ‘ಹೊಸ ಸುದ್ದಿಗೆ ಕಾಯುತ್ತಿದೆ’ ಎಂದು ಸಣ್ಣ ಅಕ್ಷರದಲ್ಲಿ ಬರಬೇಕು ಎಂದು ಪಾಲುದಾರ ಬರೆದ. ಭಾರದ ಕಡತ ಹೋದದ್ದರಿಂದ ಆ ಕುಂಟು ತಂತಿಯ ಮೇಲೂ ಪುಟ ಚುರುಕಾಯಿತು.

ಹಂಗಾಮಿನ ನಡುವೆ ಒಂದು ದಿನ ಹವೆ ಕೆಟ್ಟಿತು. ಬೆಳಗ್ಗೆ ಮಾಸ್ತರರ ಫೋನು ಬಂತು. ಆಫೀಸಿನಲ್ಲಿ ಜನ ತುಂಬಿದ್ದಾರೆ, ಪುಟ ಕೈಕೊಟ್ಟರೆ ಕಷ್ಟ, ಒಬ್ಬರಾದರೂ ಬಂದು ಕೂತಿರಿ ಎಂದರು. ಇಬ್ಬರೂ ಹೋದೆವು. ಪಾಲುದಾರನ ಕೈಯಲ್ಲಿ ಕರವಸ್ತ್ರ ಇರಲಿಲ್ಲ. ಬಂದರಿನಲ್ಲಿ ಗಾಳಿ ಎಷ್ಟಿತ್ತೆಂದರೆ ಬಾಗಿಲು ಮುಚ್ಚಲು ಇಬ್ಬರು ಬೇಕಾಯಿತು. ಬೋಟುಗಳು ಸಿಕ್ಕಿದ ದಡಕ್ಕೆ ನುಗ್ಗುತ್ತಿದ್ದವು. ಮೂರು ಆಫೀಸಿನವರೂ ತುಂಬುತ್ತಿದ್ದರು, ಪುಟದಲ್ಲಿ ಒಂದೊಂದೇ ಸಾಲು ನೀಲಿಯಿಂದ ಅರಿಶಿನವಾಗುತ್ತಿತ್ತು. ಗಣಪತಿ ತದಡಿಗೆ ಬಂದ. ಅವನ ಕೆಳಗಿನ ಸಾಲು ನೀಲಿಯೇ ಇತ್ತು.

ಒಣಮೀನಿನ ಅಮ್ಮ ಬೆರಳಿಟ್ಟು ನಿಂತಿದ್ದರು. ಬಹಳ ಹೊತ್ತಾಯಿತು. ಕೈ ಸೋತಾಗ ಇನ್ನೊಂದು ಕೈಯ ಬೆರಳನ್ನು ಮೊದಲು ಅಲ್ಲಿಟ್ಟು, ಆಮೇಲೆ ಈ ಕೈ ತೆಗೆಯುತ್ತಿದ್ದರು. “ಕೂತ್ಕಳ್ರಿ ಅಮ್ಮ, ಬಂದ್ರೆ ಹೇಳ್ತೆ,” ಎಂದು ಮಾಸ್ತರರು ಹೇಳಿದರು, ಎರಡು ಸಲ. ಅವರು ಕೇಳಿಸಿಕೊಳ್ಳಲಿಲ್ಲ. ನಾನು ಹೊರಗೆ ಹೋಗಿ ಪಕ್ಕದಲ್ಲಿ ನಿಂತೆ. ಅವರ ಸೆರಗು ಹಾರದಂತೆ ಹಿಡಿದುಕೊಂಡೆ.

ಆಗ ಫೋನಿನ ತಂತಿ ಹೋಯಿತು. ಪುಟದ ಕೆಳಗೆ ಸಣ್ಣ ಅಕ್ಷರ ಮೂಡಿತು. ಹೆಸರುಗಳು ಹಾಗೇ ನಿಂತವು, ಯಾರೂ ಕೂಗಲಿಲ್ಲ. ಒಳಗೆ ಪಾಲುದಾರ ಮೋಡೆಮ್ಮಿನ ಎದುರು ಬಗ್ಗಿ ಮತ್ತೆ ಮತ್ತೆ ನಂಬರು ಹಚ್ಚುತ್ತಿದ್ದ. ಅದು ಕೀರಲು ದನಿಯಲ್ಲಿ ಕಿರುಚಿ ಸುಮ್ಮನಾಗುತ್ತಿತ್ತು. ಮಾಸ್ತರರು ವಾಯರ್‌ಲೆಸ್ಸಿನಲ್ಲಿ ಆ ಬೋಟಿನ ಹೆಸರು ಕರೆಯುತ್ತಿದ್ದರು. ಉತ್ತರವಿರಲಿಲ್ಲ. ನನಗೆ ಭಯವಾ‌ಯಿತು. ಅಷ್ಟು ದಿನ ನಾನು ಆ ಪುಟದ ಬಗ್ಗೆ ಯೋಚಿಸಿದ್ದೆ, ಬೋಟಿನ ಬಗ್ಗೆ ಯೋಚಿಸಿದ್ದು ಅವತ್ತೇ ಮೊದಲು.

ಕೊನೆಗೊಮ್ಮೆ ಮೋಡೆಮ್ಮಿನ ಕಿರುಚಾಟ ನಿಂತು ಹಸಿರು ದೀಪ ಉಳಿಯಿತು. ಪುಟದ ಕೆಳಗಿನ ಸಣ್ಣ ಅಕ್ಷರ ಹೋಯಿತು. ಗಣಪತಿಯ ಕೆಳಗಿನ ಸಾಲು, ಅಮ್ಮನ ಬೆರಳಿನ ಅಡಿಯಲ್ಲೇ, ಅರಿಶಿನವಾಯಿತು. ಗಾಜಿನ ಬೆಳಕು ಬಿದ್ದು ಅವರ ಉಗುರೂ ಅರಿಶಿನವಾಯಿತು.

“ಭಟ್ಕಳ!” ಎಂದು ಒಳಗಿಂದ ಪಾಲುದಾರ ಕೂಗಿದ. “ಭಟ್ಕಳದಲ್ಲಿ ಇದ್ದು!”

ಅವನು ಓದಿ ಹೇಳುವ ಮೊದಲೇ ಅಮ್ಮ “ಬಂದ” ಎಂದಿದ್ದರು. ಆದರೂ ಬೆರಳು ಎತ್ತಲಿಲ್ಲ. ಮಾಸ್ತರರು ಬಂತು ಬಂತು ಎನ್ನುತ್ತಾ ಕಣ್ಣೊರೆಸಿಕೊಂಡರು. ಸುತ್ತಲಿನ ಹೆಂಗಸರು ಅಮ್ಮನ ಬೆನ್ನು ಸವರಿದರು. ಅವರು ಹಾಗೇ ನಿಂತು, ಮುಖ ತಿರುಗಿಸಿ, ಬಹಳ ಮೆಲ್ಲಗೆ ನನ್ನನ್ನು ಕೇಳಿದರು.

“ಈಗ ಬೆರಳು ತೆಗೀಲಾ ತಂಗಿ?”

ಹೊಸ ಪುಟದ ಮೊದಲ ದಿನ ತಮ್ಮ ಕೈಬುಡದಿಂದ ಜಾರಿಹೋದದ್ದನ್ನು ಅವರು ಇಷ್ಟು ಹೊತ್ತು ಹಿಡಿದುಕೊಂಡು ನಿಂತಿದ್ದರು ಎಂದು ನನಗೆ ಆಗ ಗೊತ್ತಾಯಿತು. ತೆಗೀರಿ ಅಮ್ಮ, ಅಂದೆ.

ಅವರು ತೆಗೆದರು. ಸಾಲು ಅಲ್ಲೇ ಇತ್ತು.